ಕಪ್ಪತಗುಡ್ಡ: ಬಂಗಾರ, ನೀರು ಮತ್ತು ಒಂದು ಆದೇಶ

"ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡೋದು ಮೇಲು" ಅಂತ ನಮ್ಮ ಕಡೆ ಒಂದು ಮಾತಿದೆ. ಬೆಂಗಳೂರಿನ ನನ್ನ ಆಫೀಸಿನಲ್ಲಿ ಈ ಮಾತು ಹೇಳಿದರೆ ಯಾರೂ ನಂಬುವುದಿಲ್ಲ. ವೀಕೆಂಡ್ ಬಂತೆಂದರೆ ಅವರಿಗೆ ಕುಮಾರಪರ್ವತ, ಕುದುರೆಮುಖ, ಕೊಡಚಾದ್ರಿ. ಗುಡ್ಡ ಎಂದರೆ ಹಸಿರಾಗಿರಬೇಕು, ಮಂಜು ಇರಬೇಕು, ಇಂಬಳ ಕಚ್ಚಬೇಕು! ಗದಗ ಜಿಲ್ಲೆಯಲ್ಲಿ ವನ್ಯಜೀವಿಧಾಮ ಇದೆ ಎಂದರೆ "ಅಲ್ಲಿ ಏನಿದೆ ಮಾರಾಯಾ, ಬರೀ ಬಿಸಿಲು" ಅನ್ನುತ್ತಾರೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಾಗಿದೆ, ಚಹಾ ಮಾಡಿಕೊಂಡು ಬಂದು ಓದಿ :)

ನನ್ನ ಊರು ಕೋಟುಮಚಗಿ. ಗದಗಿನಿಂದ ನರೇಗಲ್ ಕಡೆ ಹೋಗುವ ದಾರಿಯಲ್ಲಿದೆ. ಸುತ್ತ ಸಪಾಟಾದ ಎರಿ ಹೊಲ, ಅಂದರೆ ಕಪ್ಪು ಮಣ್ಣು. ಹಿಂಗಾರಿ ಜೋಳ, ಕಡಲೆ, ಕುಸುಬಿ ನಮ್ಮ ಬೆಳೆಗಳು. ಮಳೆಯಾದರೆ ಕಾಲಿಗೆ ಅಂಟುವ, ಆಗದಿದ್ದರೆ ಕಾಲು ತೂರುವಷ್ಟು ಬಿರಿಯುವ ನೆಲ. ಊರು ಸಣ್ಣದಾದರೂ ಹಳೆಯದು. ಕಲ್ಯಾಣ ಚಾಲುಕ್ಯರ ಐದನೇ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1012ರ ಶಾಸನವೊಂದು ನಮ್ಮೂರಿನದು. ಆಗ ಇದು ಅಗ್ರಹಾರ. ಪಾಠ ಹೇಳುವವರಿಗೆ ಭೂಮಿ ಬಿಟ್ಟಿದ್ದು, ಊರಿನಲ್ಲಿ ಬೈದರೆ, ಹೊಡೆದರೆ ಎಷ್ಟು ದಂಡ ಎನ್ನುವುದು ಎಲ್ಲವೂ ಅದರಲ್ಲಿದೆ. ಸಾವಿರ ವರ್ಷದ ಹಿಂದೆಯೇ ನಮ್ಮೂರಿನವರು ನಿಯಮವನ್ನು ಕಲ್ಲಿನ ಮೇಲೆ ಕೊರೆದಿಡುತ್ತಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈ ಸಲ ಯುಗಾದಿಗೆ ಊರಿಗೆ ಹೋದವನು ಕಾಕಾನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಪ್ಪತಗುಡ್ಡಕ್ಕೆ ಹೊರಟೆ. ಗದಗ ದಾಟಿ, ಡಂಬಳದ ಮೇಲೆ ಹಾದು, ಡೋಣಿಯ ಹತ್ತಿರ ಗುಡ್ಡ ಹತ್ತುವುದು. ಗದಗ ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತಾ ಹೋಗುತ್ತದೆ. ಎರಿ ಹೋಗಿ ಮಸಾರಿ ಬರುತ್ತದೆ. ಕಪ್ಪು ಹೋಗಿ ಕೆಂಪು. ಆಮೇಲೆ ಎದುರಿಗೆ ಮಲಗಿದ ಆಕಳಿನ ಬೆನ್ನಿನಂತೆ ಗುಡ್ಡಗಳ ಸಾಲು. ಗದಗಿನ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನ ತನಕ, ಅರವತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಇದು ಚಾಚಿಕೊಂಡಿದೆ. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲ್ಲೂಕುಗಳಿಗೆ ಸೇರಿದ ಗುಡ್ಡ.

ಬೇಸಿಗೆಯ ಕಪ್ಪತಗುಡ್ಡ ಪೋಸ್ಟ್‌ಕಾರ್ಡಿನ ಕಾಡಲ್ಲ, ಮೊದಲೇ ಹೇಳಿಬಿಡುತ್ತೇನೆ. ಇಡೀ ಗುಡ್ಡ ಒಣಗಿದ ಬಾದೆಹುಲ್ಲಿನಿಂದ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ನಡುನಡುವೆ ಕವಳಿಕಂಟಿ, ಬಾರಿಕಂಟಿ, ಅಲ್ಲಲ್ಲಿ ಹಳದಿ ಹೂ ಬಿಡಲು ಕಾದಿರುವ ಕಕ್ಕೆ. ಕೊಳ್ಳಗಳಲ್ಲಿ ನೀರು ಇರುವುದಿಲ್ಲ, ನೀರು ಹರಿದ ಗುರುತು ಇರುತ್ತದೆ. ಕಪ್ಪತಮಲ್ಲಯ್ಯನ ಗುಡಿಯಿಂದ ಮೇಲೆ ಗಾಳಿಗುಂಡಿ ಬಸವಣ್ಣನ ಕಡೆ ಹೋದರೆ ಹೆಸರಿಗೆ ತಕ್ಕ ಗಾಳಿ. ಸುತ್ತಲಿನ ಸಾಲುಗಳಲ್ಲಿ ವಿದ್ಯುತ್ ಮಾಡುವ ದೊಡ್ಡ ದೊಡ್ಡ ಫ್ಯಾನುಗಳು ತಿರುಗುತ್ತಿರುತ್ತವೆ.

ಕೊಳ್ಳದ ಒಂದು ತಿರುವಿನಲ್ಲಿ ಬಂಡೆಯ ನೆರಳಿಗೆ ಸಣ್ಣದೊಂದು ದೊಣೆ ಸಿಕ್ಕಿತು. ಎರಡು ಬಕೆಟ್ ನೀರು ಇದ್ದರೆ ಹೆಚ್ಚು. ಅಂಚಿನ ಕೆಸರಿನಲ್ಲಿ ನವಿಲಿನ ಹೆಜ್ಜೆ, ಗೊರಸಿನ ಗುರುತು, ನಾಯಿಯದೋ ತೋಳದ್ದೋ ಹೇಳಲಾಗದ ಪಂಜಾ. ಕಾಕಾ ಕೆಳಗೆ ಕೂತು ನೋಡಿ, "ತಮ್ಮಾ, ಇದು ಇಡೀ ಗುಡ್ಡದ ಹಾಜರಿ ಪುಸ್ತಕ ನೋಡಪಾ. ಯಾರ‍್ಯಾರು ಬಂದಿದ್ರು ಎಲ್ಲಾ ಐತಿ ಇದರಾಗ" ಅಂದ. ತೋಳ, ಕತ್ತೆಕಿರುಬ, ಚಿರತೆ, ಚಿಂಕಾರ, ನಾಲ್ಕು ಕೊಂಬಿನ ಕೊಂಡುಕುರಿ, ನರಿ, ಮುಳ್ಳುಹಂದಿ ಇವೆಲ್ಲ ಇಲ್ಲಿ ದಾಖಲಾಗಿರುವ ಪ್ರಾಣಿಗಳು. ಇವುಗಳಲ್ಲಿ ಬಹುಪಾಲು ದಟ್ಟ ಕಾಡನ್ನು ಬೇಡುವುದಿಲ್ಲ. ಅವಕ್ಕೆ ಬೇಕಿರುವುದು ಇಂಥದೇ ಬಯಲು, ಕುರುಚಲು, ಹುಲ್ಲು ಮತ್ತು ಎಲ್ಲೋ ಒಂದು ಕಡೆ ಇಂಥ ಎರಡು ಬಕೆಟ್ ನೀರು.

ಇಲ್ಲಿಂದ ಇತಿಹಾಸ ಶುರು.

ಈ ಗುಡ್ಡದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಭೂವಿಜ್ಞಾನಿಗಳು ಇಂಥ ಕಲ್ಲುಗಳ ಗುಂಪಿಗೆ ಇಟ್ಟಿರುವ ಹೆಸರು ಧಾರವಾಡ! ಪೇಢೆಗೆ ಮಾತ್ರವಲ್ಲ, ಕಲ್ಲಿಗೂ ನಮ್ಮ ಧಾರವಾಡದ ಹೆಸರು ಪ್ರಪಂಚದ ಪುಸ್ತಕಗಳಲ್ಲಿದೆ. ಹಾಗೆ ಹೆಸರಿಟ್ಟವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರಂ ಬಳಿ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದವನೂ ಇವನೇ. ಇದೇ ಫೂಟ್ ನಮ್ಮ ಗುಡ್ಡಕ್ಕೂ ಬಂದಿದ್ದ. ಡಂಬಳದ ಗುಡ್ಡಗಳ ಬಂಗಾರದ ಕಲ್ಲುಗಳ ಬಗ್ಗೆ ಅವನು ಬರೆದ ಪ್ರಬಂಧ 1874ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಚಿಕೆಯಲ್ಲಿ ಪ್ರಕಟವಾಯಿತು.

ಫೂಟ್ ಬರುವ ಮೊದಲೇ ಇಲ್ಲಿ ಬಂಗಾರ ತೆಗೆಯುವವರಿದ್ದರು. ಅವರಿಗೆ ಜಾಲಗಾರರು ಎಂದು ಹೆಸರು. ಮಳೆ ಬಂದು ಹಳ್ಳ ಹರಿದ ಮೇಲೆ ಸೊರಟೂರು, ಡೋಣಿ ಕಡೆಯ ಹಳ್ಳಗಳ ಮರಳನ್ನು ಮರದ ತಟ್ಟೆಯಲ್ಲಿ ತೊಳೆದು ತೊಳೆದು ಬಂಗಾರದ ಕಣ ಆರಿಸುತ್ತಿದ್ದರು. ಇದರ ತರ್ಕ ಸರಳ. ಬಂಗಾರ ಮರಳಿಗಿಂತ ಬಹಳ ಭಾರ, ಆದ್ದರಿಂದ ತಟ್ಟೆ ಅಲುಗಿಸಿದರೆ ಹಗುರಾದ್ದು ನೀರಿನ ಜೊತೆ ಹೋಗುತ್ತದೆ, ಭಾರದ್ದು ತಳದಲ್ಲಿ ಉಳಿಯುತ್ತದೆ. ಗಮನಿಸಿ, ಇಲ್ಲಿ ಬಂಗಾರವನ್ನು ಗುಡ್ಡದಿಂದ ಕೆಳಗೆ ತಂದದ್ದು ಮಳೆ, ಆರಿಸಿದ್ದೂ ನೀರು. ಗುಡ್ಡ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಕಬಲಾಯತಕಟ್ಟಿಯ ಕಡೆ ಸುರಂಗ ತೋಡಿದವು. ಕೋಲಾರದಂಥ ಅದೃಷ್ಟ ಅವಕ್ಕೆ ಇಲ್ಲಿ ಒಲಿಯಲಿಲ್ಲ, ಹೆಚ್ಚು ಕಾಲ ನಡೆಸದೆ ಬಿಟ್ಟು ಹೋದರು. ಆದರೆ "ಈ ಗುಡ್ಡದಲ್ಲಿ ಬಂಗಾರವಿದೆ, ಕಬ್ಬಿಣವಿದೆ" ಎಂಬ ಮಾತು ಕಡತದಲ್ಲಿ ಉಳಿಯಿತು. ಕಂಪನಿ ಹೋದರೂ ಕಡತ ಹೋಗುವುದಿಲ್ಲ ನೋಡಿ.

ಗುಡ್ಡದ ಬುಡದ ಡಂಬಳವನ್ನು ನೋಡದೆ ಯಾರೂ ಮುಂದೆ ಹೋಗಬಾರದು. ನಕ್ಷತ್ರದಾಕಾರದ ತಳಹದಿಯ ದೊಡ್ಡಬಸಪ್ಪನ ಗುಡಿ ಹನ್ನೆರಡನೇ ಶತಮಾನದ್ದು. ಅದಕ್ಕಿಂತ ನನಗೆ ರೋಮಾಂಚನ ತರುವುದು ಇಲ್ಲಿನ 1095ರ ಶಾಸನ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಡಂಬಳದಲ್ಲಿ ಬೌದ್ಧ ವಿಹಾರವಿತ್ತು, ತಾರಾದೇವಿಯ ಆರಾಧನೆ ಇತ್ತು ಎಂದು ಅದು ಹೇಳುತ್ತದೆ. ಕಟ್ಟಿಸಿದವರು ರಾಜರಲ್ಲ, ಸೆಟ್ಟರು, ಅಂದರೆ ವ್ಯಾಪಾರಿಗಳು. ಹತ್ತಿರದ ಲಕ್ಕುಂಡಿಯಲ್ಲಿ ಆಗ ನಾಣ್ಯದ ಟಂಕಸಾಲೆ. ಬರದ ಸೀಮೆ ಎಂದು ನಾವು ಈಗ ಅನ್ನುವ ಈ ನೆಲದಲ್ಲಿ ಜೈನ, ಬೌದ್ಧ, ಶೈವ ಮೂವರಿಗೂ ಗುಡಿ ಕಟ್ಟಿಸುವಷ್ಟು ಸಂಪತ್ತು ಎಲ್ಲಿಂದ ಬಂತು?

ವ್ಯಾಪಾರದಿಂದ ಅನ್ನುವುದು ಸರಿಯಾದ ಉತ್ತರ. ಆದರೆ ವ್ಯಾಪಾರ ನಡೆಯಬೇಕಾದರೆ ಊರು ಉಳಿಯಬೇಕು, ಊರು ಉಳಿಯಬೇಕಾದರೆ ಬೇಸಿಗೆಯಲ್ಲಿ ನೀರು ಬೇಕು. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸಿನ ಮಳೆ ನಮ್ಮದು. ಎರಿ ನೆಲದ ಬಾವಿಗಳಲ್ಲಿ ಬಹಳ ಕಡೆ ಸವಳು ನೀರು. ಹಾಗಾಗಿ ಲಕ್ಕುಂಡಿಯವರು ಗುಡಿಗಳಷ್ಟೇ ಚೆಂದದ ಮೆಟ್ಟಿಲು ಬಾವಿಗಳನ್ನು ಕಟ್ಟಿದರು. 101 ಗುಡಿ, 101 ಬಾವಿ ಎಂದು ಜನರ ಮಾತು. ಡಂಬಳದವರು ಗುಡ್ಡದಿಂದ ಇಳಿಯುವ ನೀರಿಗೆ ಅಡ್ಡ ಒಡ್ಡು ಹಾಕಿ ದೊಡ್ಡ ಕೆರೆ ಮಾಡಿಕೊಂಡರು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಊಟಕ್ಕೆ ಸುತ್ತಲಿನ ಹೊಲಗಳಿಗೆ! 2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿ ಸೇರಿತು.

ಅಂದರೆ ಈ ಸೀಮೆಯ ಇತಿಹಾಸವನ್ನು ಒಂದೇ ಸಾಲಿನಲ್ಲಿ ಬರೆಯಬೇಕೆಂದರೆ ನಾನು ಹೀಗೆ ಬರೆಯುತ್ತೇನೆ: ಗುಡ್ಡ ನೀರು ಹಿಡಿಯಿತು, ಕೆರೆ ಅದನ್ನು ಕಾಯ್ದಿಟ್ಟಿತು, ಊರು ಬದುಕಿತು. ಹುಲ್ಲು ಮಳೆಯ ಓಟವನ್ನು ತಡೆಯುತ್ತದೆ. ಹುಲ್ಲಿಲ್ಲದ ಗುಡ್ಡದ ಮೇಲೆ ಬಿದ್ದ ಮಳೆ ಒಂದೇ ತಾಸಿನಲ್ಲಿ ಮಣ್ಣು ಹೊತ್ತುಕೊಂಡು ಕೆಳಗೆ ಬಂದು ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಡಂಬಳದ ಕೆರೆಯ ಆಯುಷ್ಯ ಡಂಬಳದಲ್ಲಿಲ್ಲ, ಗುಡ್ಡದ ಹುಲ್ಲಿನಲ್ಲಿದೆ.

ಈ ಸೀಮೆ ಬಂಡಾಯವನ್ನೂ ಕಂಡಿದೆ. 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯ ಡಂಬಳದ ಸರ್ಕಾರಿ ಖಜಾನೆಯ ಮೇಲೆ ದಾಳಿ ಮಾಡಿ, ಹಮ್ಮಿಗೆಯ ಕೆಂಚನಗೌಡನೊಡನೆ ಕೊಪ್ಪಳದ ಕೋಟೆ ಸೇರಿದ. ಅಲ್ಲೇ ಇಂಗ್ಲಿಷರ ಸೈನ್ಯದ ಎದುರು ಹೋರಾಡಿ ಮಡಿದ. ಕಾಕಾ ಈ ಕಥೆಯನ್ನು ಡಂಬಳದ ಚಹಾದಂಗಡಿಯಲ್ಲಿ ನಿನ್ನೆ ನಡೆದಂತೆ ಹೇಳಿದ.

ಈಗ ಇತ್ತೀಚಿನ ಇತಿಹಾಸ. ನಾನು ಶಾಲೆಯಲ್ಲಿದ್ದಾಗ ಶುರುವಾಗಿ, ಕಾಲೇಜು ಮುಗಿಸುವಷ್ಟರಲ್ಲಿ ಒಂದು ಹಂತಕ್ಕೆ ಬಂದ ಕಥೆ ಇದು.

ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತಮುತ್ತ ಮೂರು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆ ಬರುವುದಿತ್ತು. ರೈತರು ವಿರೋಧಿಸಿದರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆದರೆ ಗುಡ್ಡದ ಬಂಗಾರದ ಕಡತ ಇನ್ನೂ ಮುಚ್ಚಿರಲಿಲ್ಲ.

2015ರ ಡಿಸೆಂಬರಿನಲ್ಲಿ ಸರ್ಕಾರ 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ಜನ ಸಂತೋಷಪಟ್ಟರು. ಒಂದು ವರ್ಷವೂ ತುಂಬುವ ಮೊದಲು, 2016ರ ನವೆಂಬರಿನಲ್ಲಿ, ಇನ್ನೊಂದು ಆದೇಶ ಬಂತು: ಹಿಂದಿನ ಘೋಷಣೆ ವಾಪಸ್! ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ರೋಲ್‌ಬ್ಯಾಕ್. ಗದಗಿನಲ್ಲಿ ಜನ ಬೀದಿಗಿಳಿದರು. 2017ರ ಫೆಬ್ರುವರಿಯಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಸಿದ್ಧಲಿಂಗ ಸ್ವಾಮೀಜಿ, ಎಸ್.ಆರ್. ಹಿರೇಮಠ ಮೊದಲಾದವರ ಜೊತೆ ರೈತರು, ವಿದ್ಯಾರ್ಥಿಗಳು ಕೂತರು. ಆ ವರ್ಷದ ಏಪ್ರಿಲಿನಲ್ಲಿ ಸರ್ಕಾರ ಮೀಸಲು ಸ್ಥಾನಮಾನವನ್ನು ಮರಳಿ ಕೊಟ್ಟಿತು. ಸ್ವಾಮೀಜಿ 2018ರ ಅಕ್ಟೋಬರಿನಲ್ಲಿ ತೀರಿಕೊಂಡರು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಪ್ರದೇಶ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಅವರು ಅದನ್ನು ನೋಡಲಿಲ್ಲ.

ಮೀಸಲಿಗೂ ಧಾಮಕ್ಕೂ ಏನು ವ್ಯತ್ಯಾಸ, ಎರಡೂ ಬೋರ್ಡಿನ ಮೇಲಿನ ಅಕ್ಷರ ತಾನೇ ಅನ್ನಬಹುದು ನೀವು. ಇಲ್ಲ! ನನ್ನ ಪ್ರಕಾರ ಇಡೀ ಕಥೆಯ ತಿರುಳು ಇಲ್ಲೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಂರಕ್ಷಿತ ಮೀಸಲು ಎನ್ನುವುದು 2002ರ ತಿದ್ದುಪಡಿಯಿಂದ ಬಂದದ್ದು, ಸ್ಥಳೀಯರೊಡನೆ ಸಮಾಲೋಚಿಸಿ ರಾಜ್ಯ ಸರ್ಕಾರ ಘೋಷಿಸುವಂಥದು. ಅದನ್ನು ಬೆಂಗಳೂರಿನ ಒಂದು ಆದೇಶದಿಂದ ಹಿಂತೆಗೆದುಕೊಂಡದ್ದನ್ನು ನಾವೇ 2016ರಲ್ಲಿ ಕಂಡೆವು. ವನ್ಯಜೀವಿಧಾಮದ ಗಡಿ ಬದಲಾಯಿಸಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಮಾಡಿದವನೇ ಅಳಿಸುವ ಹಾಗಿಲ್ಲ, ಇನ್ನೊಬ್ಬರು ನೋಡಿ ಒಪ್ಪಬೇಕು. ನಾವು ಎರಡು ಸಾಲು ಕೋಡ್ ಬದಲಾಯಿಸಿದರೂ ಇನ್ನೊಬ್ಬರು ರಿವ್ಯೂ ಮಾಡದೆ ಮುಂದೆ ಹೋಗುವುದಿಲ್ಲ. 250 ಕೋಟಿ ವರ್ಷದ ಗುಡ್ಡಕ್ಕೆ ಅಷ್ಟಾದರೂ ಬೇಡವೇ? ನಮ್ಮೂರ ಹಿರಿಯರು ನಿಯಮವನ್ನು ಕಲ್ಲಿನಲ್ಲಿ ಕೊರೆಸಿದ್ದೂ ಇದಕ್ಕೇ ಇರಬೇಕು. ಸುಲಭವಾಗಿ ಅಳಿಸಬಾರದು ಅಂತ.

ಇದೆಲ್ಲ ನಮ್ಮ ಊರಿನ ಜಗಳ ಮಾತ್ರ ಅಂದುಕೊಳ್ಳಬೇಡಿ. ಎರಡು ವರ್ಷದ ಹಿಂದೆ ಆನ್‌ಸೈಟ್ ಎಂದು ಆಸ್ಟ್ರೇಲಿಯದ ಪರ್ತ್‌ನಲ್ಲಿದ್ದಾಗ ರಜೆ ಹಾಕಿ ಕರಿಜಿನಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಪರ್ತ್‌ನಿಂದ ಸುಮಾರು 1,400 ಕಿಲೋಮೀಟರ್ ಉತ್ತರಕ್ಕಿದೆ. ಹೆಸರು ಕನ್ನಡದ್ದೇ ಅನ್ನಿಸುತ್ತೆ ಅಲ್ವಾ? ಮರುಭೂಮಿಯಂಥ ಕೆಂಪು ನೆಲ, ಅದರಲ್ಲಿ ಒಮ್ಮೆಲೇ ಕತ್ತರಿಸಿದಂತೆ ಆಳವಾದ ಕೊರಕಲುಗಳು, ಅವುಗಳ ತಳದಲ್ಲಿ ತಣ್ಣನೆಯ ನೀರಿನ ಮಡುಗಳು. ಕೊರಕಲಿನ ಗೋಡೆಯಲ್ಲಿ ಕೆಂಪು, ಕಪ್ಪು ಪಟ್ಟೆ ಪಟ್ಟೆಯಾದ ಕಬ್ಬಿಣದ ಕಲ್ಲು. ಅದರ ವಯಸ್ಸೂ ಸುಮಾರು 250 ಕೋಟಿ ವರ್ಷ. ಇಂಥದೇ ಪಟ್ಟೆ ಕಬ್ಬಿಣದ ಕಲ್ಲು ನಮ್ಮ ಧಾರವಾಡದ ಶಿಲೆಗಳಲ್ಲೂ ಇದೆ. ಅಲ್ಲಿ ಬಂಜಿಮಾ ಎಂಬ ಮೂಲನಿವಾಸಿಗಳಿಗೆ ಪವಿತ್ರವಾದ ಜುಬುರಾ ಎಂಬ ಮಡುವಿದೆ. ಗದ್ದಲ ಮಾಡದೆ, ಮೆಲ್ಲಗೆ ನೀರಿಗಿಳಿಯಿರಿ ಎಂದು ಕೋರುತ್ತಾರೆ. ಸಿಂಗಟಾಲೂರಿನ ಹೊಳೆಗೆ ಕೈಮುಗಿದು ಇಳಿಯುವ ನಮ್ಮವರು ನೆನಪಾದರು.

ಕಥೆಯೂ ಒಂದೇ. 1969ರಲ್ಲಿ ಹ್ಯಾಮರ್ಸ್‌ಲಿ ಬೆಟ್ಟಸಾಲಿನ ಹೆಸರಿನಲ್ಲಿ ಆದ ಆ ಉದ್ಯಾನದ ಸುತ್ತ ಪ್ರಪಂಚದ ಅತಿ ದೊಡ್ಡ ಕಬ್ಬಿಣದ ಗಣಿಗಳಿವೆ. ನಕ್ಷೆ ನೋಡಿದರೆ ಉದ್ಯಾನದ ನಡುವೆಯೇ ಗಣಿಗಾಗಿ ಬಿಟ್ಟುಕೊಟ್ಟ ಜಾಗ ಕಾಣುತ್ತದೆ. ಪಕ್ಕದ ವಿಟ್ಟನೂಮ್ ಊರಿನಲ್ಲಿ 1966ರ ತನಕ ನೀಲಿ ಆಸ್ಬೆಸ್ಟಾಸ್ ತೆಗೆದರು. ಅದರ ದೂಳಿನಿಂದ ಸಾವಿರಾರು ಜನ ರೋಗಕ್ಕೆ ಬಿದ್ದರು. 2007ರಲ್ಲಿ ಆ ಊರಿನ ಅಧಿಕೃತ ಸ್ಥಾನವನ್ನೇ ತೆಗೆದುಹಾಕಿದರು. 2020ರ ಮೇ ತಿಂಗಳಲ್ಲಿ ಅದೇ ಸೀಮೆಯ ಜೂಕನ್ ಕೊರಕಲಿನಲ್ಲಿ 46,000 ವರ್ಷಗಳ ಮನುಷ್ಯವಾಸದ ಕುರುಹಿದ್ದ ಕಲ್ಲಾಸರೆಗಳನ್ನು ರಿಯೋ ಟಿಂಟೋ ಕಂಪನಿ ಅದಿರಿಗಾಗಿ ಸಿಡಿಸಿತು. ಕಾನೂನಿನ ಅನುಮತಿ ಇತ್ತು! ಆಮೇಲೆ ಕ್ಷಮೆ ಕೇಳಿದರು, ಮುಖ್ಯಸ್ಥರು ಕೆಲಸ ಬಿಟ್ಟರು. ಆದರೆ ಕಲ್ಲಿಗೆ ರೋಲ್‌ಬ್ಯಾಕ್ ಇಲ್ಲವಲ್ಲ.

ಇನ್ನೊಂದು ಮಗ್ಗುಲೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಗುಡ್ಡದಿಂದ ಇಳಿಯುವಾಗ ಆಡು ಕಾಯುವ ಹಿರಿಯರೊಬ್ಬರು ಸಿಕ್ಕರು. ಕಾಕಾ ಅವರಿಗೆ ಎಲೆ ಅಡಿಕೆ ಕೊಟ್ಟು, "ಗುಡ್ಡ ಉಳೀತಲ್ರೀ ಅಜ್ಜಾರ, ಚಲೋ ಆತು" ಅಂದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಳೀಲಿ ಬಿಡ್ರಿ, ಉಳೀಬೇಕು. ಆದ್ರ ನನ್ನ ಮರಿ ತೋಳ ಹಿಡದ್ರ ರೊಕ್ಕಕ್ಕ ಎಷ್ಟು ಸಲ ತಿರಗಬೇಕು ಹೇಳ್ರಿ? ನನ್ನ ಮಗ ಕಲ್ಲಿನ ಕ್ವಾರಿಗೆ ಹೊಕ್ಕಿದ್ದ. ಈಗ ಗೋವಾಕ್ಕ ದುಡಿಯಾಕ ಹ್ವಾದ" ಅಂದರು. ಅದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಇತ್ತು.

ಆ ಲೆಕ್ಕ ನನ್ನನ್ನು ಇನ್ನೂ ಕಾಡುತ್ತಿದೆ. ಗುಡ್ಡ ಉಳಿದರೆ ಲಾಭ ಎಲ್ಲರಿಗೆ: ಡಂಬಳದ ಕೆರೆಗೆ, ತೋಳಕ್ಕೆ, ವರ್ಷಕ್ಕೊಮ್ಮೆ ಬಂದು ಫೋಟೋ ತೆಗೆಯುವ ನನಗೂ. ಆದರೆ ಅದರ ಖರ್ಚು ಬೀಳುವುದು ಗುಡ್ಡದ ಬುಡದ ಕೆಲವರ ಮೇಲೆ. 2017ರಲ್ಲಿ ಧರಣಿ ಕೂತವರಲ್ಲಿ ಇಂಥ ಊರುಗಳ ಜನರೂ ಇದ್ದರು. ಅವರ ಸತ್ತ ಕುರಿಯ ಪರಿಹಾರ ತಿಂಗಳುಗಟ್ಟಲೆ ತಡವಾದರೆ ಮುಂದಿನ ಸಲ ಅವರು ಬೀದಿಗೆ ಯಾಕೆ ಬರಬೇಕು? ಪ್ರತಿ ಬೇಸಿಗೆ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಆರಿಸಲು ಓಡಬೇಕಾದವರು ಕೂಡ ಅವರೇ. ಕಾಯ್ದೆ ಗುಡ್ಡದ ಗಡಿಯನ್ನು ಕಾಯಬಹುದು, ಹುಲ್ಲನ್ನು ಕಾಯಬೇಕಾದವರು ಬುಡದ ಊರಿನವರು. ಡಂಬಳದ ಕೆರೆಯಿಂದ ಅನ್ನ ಉಣ್ಣುವವರೆಲ್ಲ ಆ ಅಜ್ಜನ ಮರಿಯ ಲೆಕ್ಕದಲ್ಲಿ ಪಾಲುದಾರರು ಎಂದು ನಾನು ತಿಳಿದಿದ್ದೇನೆ.

ಇನ್ನು ಹೋಗುವವರಿಗೆ ನಾಲ್ಕು ಮಾತು. ಮಳೆ ಮುಗಿದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋದರೆ ಗುಡ್ಡ ಹಸಿರು. ಫೋಟೋಕ್ಕೆ ಅದೇ ಚೆಂದ. ಆದರೆ ಗುಡ್ಡದ ನಿಜವಾದ ಗುಣ ತಿಳಿಯಬೇಕಾದರೆ ಒಮ್ಮೆ ಮಾರ್ಚಿನಲ್ಲಿ ಹೋಗಿ. ಅರಣ್ಯ ಇಲಾಖೆ ಬಿಡುವ ಹಾದಿಯಲ್ಲೇ ನಡೆಯಿರಿ. ಬೀಡಿ, ಬೆಂಕಿಪೊಟ್ಟಣ ಕೆಳಗೇ ಇರಲಿ. ಬಾಟಲಿ ನೀರು ನೀವೇ ಒಯ್ಯಿರಿ. ದೊಣೆ ಕಂಡರೆ ಮುಖ ತೊಳೆಯಲು ಕೈ ಹಾಕಬೇಡಿ. ಅದು ರಾತ್ರಿ ಬರುವವರ ಪಾಲು. ವಾಪಸ್ ಬರುವಾಗ ಡಂಬಳದ ಗುಡಿ, ಲಕ್ಕುಂಡಿಯ ಬಾವಿ ನೋಡಿಕೊಂಡು, ಗದಗಿನಲ್ಲಿ ಗಿರಮಿಟ್ ತಿಂದು ಬನ್ನಿ.

ನಿಮ್ಮ ಊರಿನ ಹತ್ತಿರವೂ ಇಂಥ ಒಂದು ಒಣ ಗುಡ್ಡ ಇರುತ್ತದೆ. ಸರ್ಕಾರಿ ನಕ್ಷೆಯಲ್ಲಿ ಬಂಜರು ಎಂದು ಬರೆದಿರುವ, ಯಾರೂ ಟ್ರೆಕ್ಕಿಂಗ್ ಹೋಗದ ಗುಡ್ಡ. ಅದರ ಕಲ್ಲಿನ ವಯಸ್ಸೆಷ್ಟು, ಅದರ ನೀರು ಯಾವ ಕೆರೆಗೆ ಹೋಗುತ್ತದೆ, ಅದರ ಮೇಲೆ ಯಾರ ಅರ್ಜಿ ಇದೆ? ಗೊತ್ತಿದ್ದರೆ ಬರೆಯಿರಿ, ಓದಲು ನಾನಂತೂ ಕಾದಿದ್ದೇನೆ.